ವಾರಕ್ಕೆ ನಲವತ್ತೈದು ಕಿ.ಮೀ., ಒಂದು ನಕ್ಷೆ, ಒಂದು ಗರಡಿ

ವಾರಕ್ಕೆ 80 ಕಿ.ಮೀ. ಓಡದವನು ಮಲೆನಾಡಿನ 50 ಕಿ.ಮೀ. ಟ್ರೇಲ್ ಕಡೆ ತಲೆ ಹಾಕಬಾರದು ಅಂತ ನಮ್ಮ ಮೈಸೂರಿನ ಗುಂಪಿನಲ್ಲಿ ಹೇಳದವರೇ ಇರಲಿಲ್ಲ. ನಾನು ಓಡಿದ್ದು ವಾರಕ್ಕೆ ಹೆಚ್ಚೆಂದರೆ 45. ಕಳೆದ ಸಲ ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳ 50 ಕಿ.ಮೀ.ಯನ್ನು ಎಂಟೂವರೆ ಗಂಟೆ ಆಸುಪಾಸಿನಲ್ಲಿ ಮುಗಿಸಿದೆ. ಅದಕ್ಕೂ ಮುಂಚೆ, ಗುಂಪಿನವರ ಲೆಕ್ಕದಂತೆ ಓಡಿದ್ದ ವರ್ಷ, ಹತ್ತು ಗಂಟೆ ದಾಟಿತ್ತು. ಕೊನೆಯ ಇಳಿಜಾರನ್ನೆಲ್ಲ ಮಂಡಿ ಹಿಡಿದುಕೊಂಡು ಅಡ್ಡಡ್ಡ ಇಳಿದಿದ್ದೆ. ವಯಸ್ಸು ಈ ನಡುವೆ ಹಿಂದಕ್ಕೇನೂ ಹೋಗಿಲ್ಲ, ನಲವತ್ತಾರು ನಡೀತಿದೆ. ಬದಲಾದದ್ದು ವಾರದ ಹಂಚಿಕೆ ಮಾತ್ರ. "ಕೈಲಿ ನಕ್ಷೆ ಹಿಡ್ಕೊಂಡು ಓಡೋದು ಸ್ಕೌಟ್ ಹುಡುಗರ ಆಟ" ಅಂದವರೇ ಈಗ ಫೋನ್ ಮಾಡಿ ಮಂಗಳವಾರ ಏನು ಮಾಡ್ತೀಯ, ಗುರುವಾರ ಏನು ಮಾಡ್ತೀಯ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಬರೆದೇ ಬಿಡೋಣ ಅನ್ನಿಸಿತು.

ಮಂಗಳವಾರ ಬೆಳಗ್ಗೆ ಆರಕ್ಕೆ ಮಾನಸಗಂಗೋತ್ರಿ ಕ್ಯಾಂಪಸ್ಸಿನಲ್ಲಿ ನಕ್ಷೆ ಓಟ, ಅಂದರೆ ಓರಿಯಂಟೀರಿಂಗ್: ನಕ್ಷೆಯಲ್ಲಿ ಗುರುತಿಸಿದ ಜಾಗಗಳನ್ನು ದಾರಿ ನಾವೇ ಹುಡುಕಿಕೊಂಡು ಒಂದೊಂದಾಗಿ ಮುಟ್ಟುತ್ತಾ ಓಡುವ ಆಟ. ಸ್ಪ್ರಿಂಟ್ ಅಳತೆ, ಅಂದರೆ 1:4,000, ನಕ್ಷೆಯ ಒಂದು ಸೆಂ.ಮೀ. ನೆಲದ ನಲವತ್ತು ಮೀಟರ್. ಹನ್ನೆರಡು ಹದಿನಾಲ್ಕು ಕಂಟ್ರೋಲ್ (ಮುಟ್ಟಬೇಕಾದ ಆ ಜಾಗಗಳಿಗೆ ಹೀಗೆ ಹೆಸರು), ನೇರ ಗೆರೆ ಹಿಡಿದರೆ ನಾಲ್ಕು ಕಿ.ಮೀ., ಓಡುವುದು ಆರರ ಹತ್ತಿರ. ನಲವತ್ತು ನಿಮಿಷದಲ್ಲಿ ಮುಗಿಯುತ್ತದೆ, ಆದರೆ ರಸ್ತೆಯ ಮೇಲೆ ಹನ್ನೆರಡು ಕಿ.ಮೀ. ಓಡಿದಷ್ಟು ಸುಸ್ತು. ಇನ್ನೂರು ಮೀಟರಿಗೊಮ್ಮೆ ನಿಲ್ಲು, ತಿರುಗು, ಮೆಟ್ಟಿಲು ಹತ್ತು, ಚರಂಡಿ ಹಾರು, ಒದ್ದೆ ಹುಲ್ಲಿನ ಮೇಲೆ ಬೀಳದಂತೆ ಓಡು. ಇಂಟರ್ವಲ್ ಅಂತ ಟ್ರ್ಯಾಕಿನಲ್ಲಿ ಸುತ್ತುವುದಕ್ಕಿಂತ ಇದು ನನ್ನ ಹಿಮ್ಮಡಿಗೂ ಪಾದದ ಕೀಲಿಗೂ ಹೆಚ್ಚು ಹಿಡಿಸಿತು. ಅದಕ್ಕಿಂತ ಮುಖ್ಯ, ಉಸಿರು ಮೇಲೆ ಕೆಳಗೆ ಆಗುವಾಗಲೂ ತಲೆ ಓಡಿಸುವುದು ಅಭ್ಯಾಸವಾಗುತ್ತದೆ. ಅದರ ಫಲ ಎಲ್ಲಿ ಸಿಕ್ಕಿತು ಅಂತ ಆಮೇಲೆ ಹೇಳುತ್ತೇನೆ.

ಆ ನಕ್ಷೆ ಸಿದ್ಧವಾದ ಕಥೆಯೇ ಒಂದು ಪುರಾಣ. ಓಪನ್ ಓರಿಯಂಟೀರಿಂಗ್ ಮ್ಯಾಪರ್ ಅನ್ನುವ ನಕ್ಷೆ ಬಿಡಿಸುವ ತಂತ್ರಾಂಶ ಬಿಟ್ಟಿ ಸಿಗುತ್ತದೆ, ಓಪನ್ ಸ್ಟ್ರೀಟ್ ಮ್ಯಾಪ್ ಅನ್ನುವ ಆನ್‌ಲೈನ್ ನಕ್ಷೆಯಿಂದ ಕಟ್ಟಡ, ರಸ್ತೆಗಳೂ ಬಂದವು. ಏರಿಳಿತದ ಗೆರೆಗಳಿಗೆ ಬಿಟ್ಟಿ ಸಿಗುವ, 30 ಮೀಟರಿಗೊಂದು ಎತ್ತರದ ಅಳತೆ ಇರುವ ಉಪಗ್ರಹ ಮಾಹಿತಿ ಹಾಕಿದೆ ನೋಡಿ, ಅಲ್ಲಿಂದ ಶುರುವಾಯಿತು ಗ್ರಹಚಾರ. ನೆಲ ಚಪ್ಪಟೆ ಇರುವ ಕಡೆ ದಿಬ್ಬ ತೋರಿಸುತ್ತದೆ! ಹೋಗಿ ನೋಡಿದರೆ ಅಲ್ಲಿ ಸಾಲು ಸಾಲು ಮಳೆಮರ. ಉಪಗ್ರಹ ಅಳೆದದ್ದು ನೆಲವನ್ನಲ್ಲ, ಮರದ ನೆತ್ತಿಯನ್ನು. ಕುಕ್ಕರಹಳ್ಳಿ ಕೆರೆಯ ಏರಿ, ಅಷ್ಟು ದಪ್ಪದ್ದು, ನಕ್ಷೆಯಲ್ಲಿ ಕಾಣಲೇ ಇಲ್ಲ. ಕೊನೆಗೆ ಆ ಗೆರೆಗಳನ್ನೆಲ್ಲ ಅಳಿಸಿ, ಭಾನುವಾರ ಭಾನುವಾರ ನಡೆದಾಡಿ, ಕಣ್ಣಂದಾಜಿನಲ್ಲೇ ಏರಿಳಿತ ಬರೆದೆ. ಮೂರು ತಿಂಗಳು ಹಿಡಿಯಿತು. ಕಾಂಪೌಂಡು ಗೋಡೆಗಳದ್ದು ಇನ್ನೊಂದು ತಲೆನೋವು. ದಾಟಬಾರದ ಗೋಡೆಗೆ ದಪ್ಪ ಕಪ್ಪು ಗೆರೆ ಅಂತ ನಿಯಮವಿದೆ, ಸರಿ. ಆದರೆ ಇವತ್ತು ತೆರೆದಿದ್ದ ಸಣ್ಣ ಗೇಟಿಗೆ ಮುಂದಿನ ವಾರ ಬೀಗ ಬಿದ್ದಿದ್ದರೆ ನಕ್ಷೆ ಏನು ಮಾಡೀತು?

ಕಂಟ್ರೋಲ್ ಬಾವುಟ ಮೊದಲು ದರ್ಜಿಯಿಂದಲೇ ಹೊಲಿಸಿದ್ದೆ. ಕಿತ್ತಳೆ ಬಿಳಿ ಬಟ್ಟೆ, ಮೂವತ್ತು ಸೆಂಟಿಮೀಟರಿನ ಮೂರು ಮುಖ, ಒಂದಕ್ಕೆ ಎಂಬತ್ತೋ ತೊಂಬತ್ತೋ ಕೊಟ್ಟ ನೆನಪು. ನಮ್ಮ ಬಡಾವಣೆಯ ಪಾರ್ಕಿನಲ್ಲಿ ಪ್ರಯೋಗಕ್ಕೆ ಅಂತ ಕಟ್ಟುತ್ತಿದ್ದಾಗ ಕಾವಲುಗಾರ ಬಂದ.

"ಏನ್ ಸಾರ್, ಯಾವ ಪಕ್ಷದ್ದು?"

"ಪಕ್ಷದ್ದಲ್ಲ ಅಣ್ಣ, ಓಡೋದಕ್ಕೆ ಗುರುತು."

"ಎಲೆಕ್ಷನ್ ಹತ್ರ ಬಂದೈತೆ ಸಾರ್, ಬಿಚ್ಬಿಡಿ. ಆಮೇಲೆ ನನ್ ಕೇಳ್ತಾರೆ."

ಬಿಚ್ಚಿದೆ. ಮುಂದೆ ಬೇರೆ ಕಡೆ ಕಟ್ಟಿದವುಗಳಲ್ಲಿ ಎರಡು ಹಸುವಿನ ಪಾಲಾದವು, ಒಂದು ಯಾರದೋ ಬೈಕಿನ ಒರೆಸುವ ಬಟ್ಟೆಯಾಯಿತು. ಈಗ ಮ್ಯಾಪ್‌ರನ್ ಆ್ಯಪ್‌ನಲ್ಲೇ ಕೆಲಸ, ಜಾಗಕ್ಕೆ ಬಂದರೆ ಫೋನ್ ಬೀಪ್ ಅನ್ನುತ್ತದೆ. ಅದರಲ್ಲೂ ಒಂದು ಕೊರತೆ. ದಟ್ಟ ಮರದ ಕೆಳಗೆ ಜಿಪಿಎಸ್ ಹತ್ತು ಹದಿನೈದು ಮೀಟರ್ ಆಚೀಚೆ ಹೊಡೆಯುತ್ತದೆ, ಗೋಡೆಯ ಈಚೆ ನಿಂತಿದ್ದರೂ ಆಚೆಯದಕ್ಕೆ ಬೀಪ್ ಬಂದುಬಿಡುತ್ತದೆ. ಹಾಗಾಗಿ ಕಂಟ್ರೋಲ್‌ಗಳನ್ನು ಬಯಲಿನಲ್ಲೇ ಇಡಬೇಕು. ಕೋರ್ಸ್, ಅಂದರೆ ಕಂಟ್ರೋಲ್‌ಗಳ ಸರಣಿ, ಹಾಕುವುದು ಪಿಯುಸಿ ಓದುವ ಮಗಳು. ಒಂದು ಕೋರ್ಸಿಗೆ ಒಂದು ಮಸಾಲೆ ದೋಸೆ, ಕಷ್ಟದ್ದಾದರೆ ಜೊತೆಗೆ ಐಸ್‌ಕ್ರೀಮ್. ಅವಳು ಪರೀಕ್ಷೆ ಅಂತ ಕೈ ಎತ್ತಿದ ವಾರಗಳಲ್ಲಿ ನನಗೆ ನಾನೇ ಕೋರ್ಸ್ ಹಾಕಿಕೊಂಡು, ಅದು ನನಗೇ ಗೊತ್ತಿಲ್ಲದ ಹಾಗೆ ಮಾಡಿಕೊಳ್ಳುವ ಒಂದು ಉಪಾಯ ಕಂಡುಕೊಂಡಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಜೊತೆಗೆ ಓಡಲು ಬಂದವರಿಗೆ ತೋರಿಸುತ್ತೇನೆ.

ದಿಕ್ಸೂಚಿಯದ್ದು ಬೇರೆಯೇ ಪಾಡು. ಸ್ವೀಡನ್ನಿನಲ್ಲಿರುವ ಭಾವಮೈದ ರಜೆಗೆ ಬಂದಾಗ ಹೆಬ್ಬೆರಳಿಗೆ ಸಿಕ್ಕಿಸಿಕೊಳ್ಳುವ ಒಳ್ಳೆಯ ದಿಕ್ಸೂಚಿ ತಂದುಕೊಟ್ಟ. ಅಲ್ಲಿನ ಬೆಲೆ ನಮ್ಮ ದುಡ್ಡಿನಲ್ಲಿ ಆರೇಳು ಸಾವಿರ. ಇಲ್ಲಿ ಅದರ ಮುಳ್ಳು ಒಂದು ಕಡೆ ವಾಲಿ ತಳಕ್ಕೆ ಉಜ್ಜುತ್ತದೆ, ಓಡುವಾಗಂತೂ ತಿರುಗುವುದೇ ಇಲ್ಲ. ಕಾರಣ ಸರಳ. ಉತ್ತರ ಧ್ರುವದ ಕಡೆಗೆ ಹೋದಷ್ಟೂ ಮುಳ್ಳಿನ ಉತ್ತರದ ತುದಿ ನೆಲಕ್ಕೆ ಬಾಗುತ್ತದೆ. ಅದನ್ನು ಸರಿದೂಗಿಸಲು ಅಲ್ಲಿಯವರು ದಕ್ಷಿಣದ ತುದಿಗೆ ಸ್ವಲ್ಪ ಭಾರ ಕೊಟ್ಟಿರುತ್ತಾರೆ. ನಾವಿರುವುದು ಕಾಂತೀಯ ಸಮಭಾಜಕದ, ಅಂದರೆ ಮುಳ್ಳು ಯಾವ ಕಡೆಗೂ ಬಾಗದೆ ಸಮನಾಗಿ ನಿಲ್ಲುವ ಗೆರೆಯ, ಹತ್ತಿರ (ಕೇರಳದ ತುಂಬಾ ಎಂಬಲ್ಲಿ 1963ರಲ್ಲಿ ರಾಕೆಟ್ ಹಾರಿಸಲು ಜಾಗ ಆರಿಸಿದ್ದೂ ಈ ಗೆರೆ ನೋಡಿಯೇ). ಇಲ್ಲಿ ಆ ಭಾರವೇ ಮುಳ್ಳಿನ ದಕ್ಷಿಣದ ತುದಿಯನ್ನು ಕೆಳಕ್ಕೆ ಎಳೆಯುತ್ತದೆ. ತರಿಸುವವರು ಎಂಎನ್ (ಉತ್ತರದ ವಲಯಕ್ಕೆ ಮಾಡಿದ್ದು) ಅಂತ ಬರೆದದ್ದು ಬಿಟ್ಟು ಎಂಇ (ಕಾಂತೀಯ ಸಮಭಾಜಕದ ವಲಯಕ್ಕೆ ಮಾಡಿದ್ದು) ಅಂತ ಬರೆದದ್ದನ್ನು ಕೇಳಿ ತರಿಸಿ. ಕೈಯಲ್ಲಿ ಇರುವುದು ಎಂಎನ್ ಆಗಿದ್ದರೆ ಅಂಗೈಯನ್ನು ತುಸು ಓರೆ ಹಿಡಿದರೆ ಮುಳ್ಳು ಬಿಡಿಸಿಕೊಳ್ಳುತ್ತದೆ. ನಕ್ಷೆಯ ಉತ್ತರಕ್ಕೂ ಮುಳ್ಳಿನ ಉತ್ತರಕ್ಕೂ ನಮ್ಮಲ್ಲಿ ಒಂದು ಒಂದೂವರೆ ಡಿಗ್ರಿ ವ್ಯತ್ಯಾಸ ಅಷ್ಟೇ, ಅದಕ್ಕೆ ನಾನು ತಲೆ ಕೆಡಿಸಿಕೊಂಡಿಲ್ಲ.

ಬುಧವಾರ ಈಜು, ಮುಕ್ಕಾಲು ಗಂಟೆ. ಹೇಳುವಂಥದ್ದೇನಿಲ್ಲ, ಸೊಂಟ ಸಡಿಲವಾಗುತ್ತದೆ.

ಗುರುವಾರ ಚಾಮುಂಡಿ ಮೆಟ್ಟಿಲು. ಕೆಳಗಿನಿಂದ ನಂದಿಯವರೆಗೆ ಏಳುನೂರು ಚಿಲ್ಲರೆ ಮೆಟ್ಟಿಲು, ಅದನ್ನು ಮೂರು ಸಲ, ಮೈ ಬಂದ ದಿನ ನಾಲ್ಕು. ಸಾವಿರದ ಎಂಟನ್ನೂ ಹತ್ತಿ ಮುಗಿಸುವ ಹಟ ನನಗಿಲ್ಲ. ನಂದಿಯ ಕೆಳಗಿನ ಭಾಗವೇ ಹೆಚ್ಚು ಕಡಿದು, ಕಾಲಿಗೆ ಬೇಕಾದ್ದು ಅದೇ. ಗುರುವಾರವೇ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಮಂಗಳವಾರ, ಶುಕ್ರವಾರ ಹರಕೆಯವರು ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಾರೆ. ಅದರ ಮೇಲೆ ನಾಲ್ಕು ಹನಿ ಮಳೆ ಬಿದ್ದರೆ ಕಲ್ಲು ಜಾರುವ ಜಾರಿಕೆಗೆ ಯಾವ ಶೂನ ತಳವೂ ನಿಲ್ಲುವುದಿಲ್ಲ. ಅವರು ಬಗ್ಗಿ ಹಚ್ಚುತ್ತಿರುವಾಗ ನಾವು ಪಕ್ಕದಲ್ಲಿ ದಡದಡ ಓಡುವುದೂ ಮರ್ಯಾದೆಯಲ್ಲ. ಆಷಾಢ ಶುಕ್ರವಾರದ ಮಾತಂತೂ ಬಿಡಿ, ಆ ತಿಂಗಳು ಬೆಟ್ಟದ ಕಡೆ ತಲೆ ಹಾಕುವುದಿಲ್ಲ. ಇಳಿಯುವಾಗ ಓಡಬೇಡಿ, ಮಂಡಿಯ ಹೊರಬದಿಯ ನರ ಎಳೆಯುವುದು ಅಲ್ಲೇ. ನನ್ನ ಮಂಡಿಗೆ ಫಿಸಿಯೋ ಹತ್ತಿರ ಸುರಿದ ದುಡ್ಡು, ಒಂದು ಸಲಕ್ಕೆ ಆರುನೂರರಂತೆ, ಒಟ್ಟು ಹದಿನೈದು ಸಾವಿರ ದಾಟಿರಬೇಕು. ಬೆಟ್ಟದ ಕಾಡಿನೊಳಗೆ ನಕ್ಷೆ ಹಿಡಿದು ನುಗ್ಗುವ ಆಸೆ ನನಗೂ ಇತ್ತು. ಅದು ಮೀಸಲು ಅರಣ್ಯ, ಸಾಲದ್ದಕ್ಕೆ ಚಿರತೆ ಇರುವ ಜಾಗ. ಮೆಟ್ಟಿಲೇ ಸಾಕು.

ಶುಕ್ರವಾರ ಗರಡಿ. ಇದನ್ನು ಕೇಳಿ ನಕ್ಕವರೇ ಹೆಚ್ಚು. ಮೊದಲು ಜಿಮ್ಮಿಗೆ ತಿಂಗಳಿಗೆ ಸಾವಿರದ ಐನೂರು ಕಟ್ಟುತ್ತಿದ್ದೆ, ಅಲ್ಲಿನ ಯಂತ್ರಗಳ ಮೇಲೆ ಕೂತು ಕಾಲು ಒದ್ದಿದ್ದು ಬೆಟ್ಟದಲ್ಲಿ ಯಾವುದಕ್ಕೂ ಆಗಲಿಲ್ಲ. ನಮ್ಮ ಬೀದಿಯಿಂದ ಎರಡು ತಿರುವು ದಾಟಿದರೆ ಹಳೆಯ ಗರಡಿಮನೆ. ಮೊದಲ ದಿನ ತೆಂಗಿನಕಾಯಿ, ಬಾಳೆಹಣ್ಣು, ಊದುಬತ್ತಿ ತಗೊಂಡು ಹೋಗಿ ಪೂಜೆ ಮಾಡಿಸಿ, ಉಸ್ತಾದರ ಕಾಲಿಗೆ ನಮಸ್ಕಾರ ಮಾಡಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಓಡೋರಿಗೆ ಕಾಲೈತೆ, ಸೊಂಟ ಇಲ್ಲ ಕಣಪ್ಪ" ಅಂದರು. ಫಿಸಿಯೋ ಹೇಳಿದ್ದೂ ಇದನ್ನೇ, ಇಂಗ್ಲಿಷಿನಲ್ಲಿ. ಬಸ್ಕಿ ಮೂವತ್ತರಿಂದ ಶುರು ಮಾಡಿ ಈಗ ನಾಲ್ಕು ಕಂತಿನಲ್ಲಿ ಇನ್ನೂರರ ಹತ್ತಿರ ಹೋಗುತ್ತೇನೆ. ದಂಡ ಅದರ ಅರ್ಧ. ಗದೆ ತಿರುವಿದ ಮೊದಲ ವಾರ ಭುಜ ಎತ್ತಿ ತಲೆ ಬಾಚಲಾಗಲಿಲ್ಲ. ಆದರೆ ಇಳಿಜಾರಿನಲ್ಲಿ ಮೈ ಮುಂದಕ್ಕೆ ಬೀಳದೆ ತಡೆಯುವುದು ಈ ಬೆನ್ನೇ. ಮಟ್ಟಿಯ ಕೆಮ್ಮಣ್ಣಿನ ಮೇಲೆ ಬರಿಗಾಲಲ್ಲಿ ಒಂಟಿ ಕಾಲಿನ ಸಾಮು ಕೂಡ ಮಾಡುತ್ತೇನೆ. ಅದು ಉಸ್ತಾದರು ಹೇಳಿಕೊಟ್ಟದ್ದಲ್ಲ, ನನ್ನದೇ, ಅವರು ಕಂಡೂ ಕಾಣದಂತೆ ಇರುತ್ತಾರೆ.

ಶನಿವಾರ ಉದ್ದದ ಟ್ರೇಲ್. ಇಪ್ಪತ್ತೆರಡರಿಂದ ಇಪ್ಪತ್ತೈದು ಕಿ.ಮೀ., ಅದಕ್ಕಿಂತ ಹೆಚ್ಚಿಲ್ಲ. ಶ್ರೀರಂಗಪಟ್ಟಣದ ಕರಿಘಟ್ಟವನ್ನು ಎರಡು ಸಲ ಹತ್ತಿ, ಲೋಕಪಾವನಿ ಕಾವೇರಿಗೆ ಸೇರುವ ಕಡೆಯ ಗದ್ದೆ ಬದುಗಳಲ್ಲಿ ಓಡಿ ವಾಪಸ್. ಭಾನುವಾರ ಗೆಳೆಯನ ಮಾವಿನ ತೋಟ ಮತ್ತು ಅದರ ಹಿಂದಿನ ಕುರುಚಲಿನಲ್ಲಿ 1:10,000ದ ನಕ್ಷೆ ಹಿಡಿದು ನಿಧಾನ, ಹೆಚ್ಚಿನ ಪಾಲು ನಡಿಗೆಯೇ. ಬಯಲಿನಲ್ಲಿ ನೂರು ಮೀಟರಿಗೆ ನನ್ನದು ನಲವತ್ತು ಜೋಡಿಹೆಜ್ಜೆ, ಕುರುಚಲಿನಲ್ಲಿ ಅರವತ್ತಕ್ಕೆ ಹೋಗುತ್ತದೆ. ಬೇರೆ ದೇಶದ ನಕ್ಷೆಗಳಲ್ಲಿ ದಟ್ಟ ಪೊದೆಗೆ ಹಸಿರು, ಓಡಬಹುದಾದ ಕಾಡಿಗೆ ಬಿಳಿ ಅಂತ ಒಮ್ಮೆ ಬಳಿದರೆ ವರ್ಷಗಟ್ಟಲೆ ನಡೆಯುತ್ತದಂತೆ. ಇಲ್ಲಿ ಮಾರ್ಚಿನಲ್ಲಿ ಬಿಳಿ ಬಿಟ್ಟ ಜಾಗ ಅಕ್ಟೋಬರಿನಲ್ಲಿ ಎದೆಮಟ್ಟ ಕಾಂಗ್ರೆಸ್ ಗಿಡ ಮತ್ತು ಲಂಟಾನ. ಎರಡು ನಕ್ಷೆ ಇಟ್ಟುಕೊಂಡಿದ್ದೇನೆ, ಬೇಸಿಗೆಗೊಂದು, ಮಳೆ ಮುಗಿದ ಮೇಲಕ್ಕೊಂದು. ಸೋಮವಾರ ಏನೂ ಇಲ್ಲ.

ನಡುವೆ ನಡೆದ ಅಡ್ಡ ಪ್ರಯೋಗಗಳೂ ಇವೆ. ಓಡುವಾಗ ಶಕ್ತಿಗೆ ಅಂತ ಹೀರುವ ಜೆಲ್ ಒಂದಕ್ಕೆ ನೂರಿಪ್ಪತ್ತು ನೂರೈವತ್ತು, ಒಂದು ಓಟಕ್ಕೆ ಎಂಟು ಹತ್ತು ಬೇಕು, ಲೆಕ್ಕ ಹಾಕಿ ಹೊಟ್ಟೆ ಉರಿಯಿತು. ರಾಗಿ ಅಂಬಲಿಯನ್ನು ಮೆತ್ತನೆ ಫ್ಲಾಸ್ಕಿಗೆ ತುಂಬಿದೆ. ಮನೆಯಲ್ಲಿ ಸಲೀಸಾಗಿ ಇಳಿದದ್ದು ಎರಡು ಗಂಟೆಯ ಮೇಲೆ ಗಟ್ಟಿಯಾಗಿ ಮೂತಿಯಲ್ಲಿ ಸಿಕ್ಕಿಕೊಂಡಿತು, ಹಿಂಡಿದರೆ ಅಂಗಿಯ ಮೇಲೆ ಹಾರಿತು. ಈಗ ಹುರಿಗಡಲೆ, ಬೆಲ್ಲ, ಕಡಲೆಕಾಯಿ ಚಿಕ್ಕಿ, ಕುಡಿಯಲು ನಿಂಬೆ ಉಪ್ಪು ಬೆಲ್ಲದ ನೀರು. ಕೊನೆಯ ಒಂದೂವರೆ ಗಂಟೆಗೆ ಮಾತ್ರ ಎರಡು ಜೆಲ್, ಆ ಹೊತ್ತಿಗೆ ಅಗಿಯಲು ದವಡೆಯೂ ಬರುವುದಿಲ್ಲ. ಮಲೆನಾಡಿನ ಇಂಬಳಕ್ಕೆ ಹೊಗೆಸೊಪ್ಪು ನೆನೆಸಿದ ನೀರಿನಲ್ಲಿ ಕಾಲುಚೀಲ ಅದ್ದಿ ಒಣಗಿಸಿಕೊಂಡು ಹೋಗಿದ್ದೆ. ಇಂಬಳ ಹತ್ತಲಿಲ್ಲ, ನಿಜ. ವಾಸನೆಗೆ ನನ್ನ ಹತ್ತಿರ ಯಾರೂ ಬರಲಿಲ್ಲ. ರಾತ್ರಿ ತಲೆದೀಪ ಕಟ್ಟಿಕೊಂಡು ಮಾವಿನ ತೋಟದಲ್ಲಿ ನಕ್ಷೆ ಓಟ ಮಾಡುವ ಪ್ರಯೋಗ ಪಕ್ಕದ ತೋಟದ ನಾಯಿಗಳಿಂದಾಗಿ ನಿಂತಿದೆ.

ಇನ್ನು ಆಗ ಹೇಳುತ್ತೇನೆ ಅಂದ ವಿಷಯ. ಓಟದ ಮೂವತ್ತೈದನೆಯ ಕಿ.ಮೀ. ದಾಟಿದ ಮೇಲೆ ತೋಟದ ದಾರಿ ಎರಡು ಕವಲಾಗುವ ಕಡೆ ಗುರುತಿನ ರಿಬ್ಬನ್ ಇರಲಿಲ್ಲ, ಗಾಳಿಗೆ ಹೋಗಿತ್ತೋ ದನ ತಿಂದಿತ್ತೋ. ನನ್ನ ಮುಂದಿದ್ದ ಮೂವರು ಅಗಲ ದಾರಿ ಅಂತ ಎಡಕ್ಕೆ ಇಳಿದರು. ನಾನು ಬೆಳಗ್ಗೆ ಓಟದ ನಕ್ಷೆಯನ್ನು ನೋಡಿಟ್ಟುಕೊಂಡಿದ್ದೆ. ಆ ಭಾಗದಲ್ಲಿ ಹಳ್ಳ ಬಲಕ್ಕೆ ಇರುವಂತೆ ಗುಡ್ಡದ ಬೆನ್ನಿನ ಮೇಲೇ ಹೋಗಬೇಕು. ಎಡದ ದಾರಿ ಹತ್ತೇ ಮಾರಿನಲ್ಲಿ ಬೆನ್ನಿನಿಂದ ಜಾರುತ್ತಿತ್ತು. ಕಿರುಚಿ ಕರೆದೆ. ಇಬ್ಬರು ವಾಪಸ್ ಬಂದರು, ಮೂರನೆಯವನ ಕಿವಿಯಲ್ಲಿ ಹಾಡು ಇತ್ತು. ಅವನು ನನ್ನ ನಂತರ ಮುಕ್ಕಾಲು ಗಂಟೆಗೆ ಬಂದ, ನನಗಿಂತ ಹದಿನೈದು ವರ್ಷ ಚಿಕ್ಕವನು, ಗುಂಪಿನಲ್ಲಿ ವಾರಕ್ಕೆ 90 ಓಡುವವನು. ಹಾಗಂತ ಅವನಿಗೆ ಕಾಲಿಲ್ಲ ಅಂತಲ್ಲ, ಅಲ್ಲಿ ತಲೆಯೂ ಓಡಬೇಕಿತ್ತು ಅಷ್ಟೇ. ಸ್ವೀಡನ್ನಿನ ಟೂವೆ ಅಲೆಕ್ಸಾಂಡರ್ಸನ್ ಕಾಲೋಟದ ಓರಿಯಂಟೀರಿಂಗಿನಲ್ಲೂ ಸ್ಕೀ ಓರಿಯಂಟೀರಿಂಗಿನಲ್ಲೂ ವಿಶ್ವ ಚಾಂಪಿಯನ್. ನಕ್ಷೆ ಹಿಡಿದು ಓಡುವುದು ಹುಡುಗರ ಆಟ ಅನ್ನುವವರಿಗೆ ನಾನು ಅವಳ ಹೆಸರು ಹೇಳಿ ಸುಮ್ಮನಾಗುತ್ತೇನೆ.

ಖರ್ಚು ನೆನಪಿನಿಂದ ಹೇಳುವುದಾದರೆ ಹೀಗೆ. ಟ್ರೇಲ್ ಶೂ ವರ್ಷಕ್ಕೆ ಒಂದು ಜೊತೆ, ಒಂಬತ್ತು ಸಾವಿರ. ರಸ್ತೆಯಲ್ಲಿ ಓಡುತ್ತಿದ್ದಾಗ ವರ್ಷಕ್ಕೆ ಮೂರು ಜೊತೆ ಸವೆಸುತ್ತಿದ್ದೆ. ವಾಚು ಹಳೆಯದು, ಸೆಕೆಂಡ್ ಹ್ಯಾಂಡ್, ಒಂಬತ್ತು ಸಾವಿರದ್ದು. ನಕ್ಷೆ ಮೊದಲು ಮನೆಯ ಇಂಕ್‌ಜೆಟ್‌ನಲ್ಲಿ ತೆಗೆದಿದ್ದೆ, ಬೆವರಿಗೇ ಬಣ್ಣ ಕದಡಿ ಕೆರೆ ರಸ್ತೆಗೆ ಹರಿಯಿತು. ಈಗ ಜೆರಾಕ್ಸ್ ಅಂಗಡಿಯಲ್ಲಿ ಲೇಸರ್ ಕಲರ್ ಪ್ರಿಂಟು, ಹಾಳೆಗೆ ಹದಿನೈದು, ಜಿಪ್ ಕವರಿನೊಳಗೆ. ಹರಿಯದ ಹಾಳೆ ಅರವತ್ತು ಎಪ್ಪತ್ತು ಆಗುತ್ತದೆ, ಅದು ಮಳೆಗಾಲಕ್ಕೆ ಮಾತ್ರ. ಅಂಗಡಿಯವನಿಗೆ "ಫಿಟ್ ಟು ಪೇಜ್" ಒತ್ತಬೇಡ ಅಂತ ಪ್ರತಿ ಸಲ ಹೇಳಬೇಕು, ಒತ್ತಿದರೆ ಅಳತೆ ಕೆಡುತ್ತದೆ, ಹೆಜ್ಜೆ ಲೆಕ್ಕವೆಲ್ಲ ಹೊಳೆಗೆ. ಈಜು, ಗರಡಿಯ ಕಾಣಿಕೆ, ಓಟದ ಪ್ರವೇಶ ಶುಲ್ಕ, ಬಸ್ಸು, ರೂಮು ಎಲ್ಲ ಸೇರಿ ವರ್ಷಕ್ಕೆ ಮೂವತ್ತೈದು ಸಾವಿರದ ಒಳಗೆ ಬಂತು. ಹಿಂದೆ ಇದರ ಎರಡರಷ್ಟು ಹೋಗುತ್ತಿತ್ತು, ಮಂಡಿ ಬೇರೆ ಹೋಗುತ್ತಿತ್ತು.

ಈಗ ಕೈ ಹಾಕಿರುವುದು ಪಾಂಡವಪುರದ ಕುಂತಿಬೆಟ್ಟಕ್ಕೆ. ಬಂಡೆಗಳದ್ದೇ ಸಮಸ್ಯೆ. ಒಂದೊಂದಾಗಿ ಬಿಡಿಸಿದರೆ 1:10,000ದಲ್ಲಿ ಹಾಳೆಯೆಲ್ಲ ಕಪ್ಪಾಗುತ್ತದೆ, ಗುಂಪಾಗಿ ತೋರಿಸಿದರೆ ಓಡುವವನಿಗೆ ಸಂದು ಸಿಗುವುದಿಲ್ಲ. 1:5,000ಕ್ಕೆ ಹಿಗ್ಗಿಸಿ ಮನುಷ್ಯನಿಗಿಂತ ಎತ್ತರದ ಬಂಡೆ ಮಾತ್ರ ಹಾಕಿ ನೋಡುತ್ತಿದ್ದೇನೆ. ಅರಣ್ಯ ಇಲಾಖೆಯ ಅನುಮತಿ ಸಿಕ್ಕ ಮೇಲೆ ಓಡುವ ಮಾತು. ಅಲ್ಲಿಯವರೆಗೆ ಬೆಟ್ಟ ಹತ್ತುವ ದಾರಿಯಲ್ಲಿ ನಿಂತು ಬಂಡೆ ಗುರುತು ಹಾಕಲು ಯಾರಾದರೂ ಜೊತೆ ಬರುವುದಾದರೆ ಪೆನ್ಸಿಲ್, ಹಲಗೆ ನಾನು ತರುತ್ತೇನೆ, ಬುತ್ತಿ ನೀವು ತನ್ನಿ.