ಎಲೆ ಅಲ್ಲಾಡದಿದ್ದರೂ ಮೇಲೆ ಗಾಳಿ ಇರುತ್ತದೆ

ಕಲಬುರಗಿಯಲ್ಲಿ ಮದುವೆ, ಜಾತ್ರೆ ವಿಡಿಯೋ ಮಾಡುವುದು ನನ್ನ ಕೆಲಸ. ಡ್ರೋನ್ ತಗೊಂಡ ಹೊಸದರಲ್ಲಿ ತಲೆ ಎತ್ತಿ ನೋಡುತ್ತಿದ್ದೆ, ಮೋಡ ಇಲ್ಲ ಅಂದ್ರೆ ಹಾರಿಸಿಬಿಡುತ್ತಿದ್ದೆ. ಅಷ್ಟೇ ನನ್ನ ಹವಾಮಾನ ಜ್ಞಾನ.

ಒಂದು ಮೇ ತಿಂಗಳ ಮಧ್ಯಾಹ್ನ ಊರ ಹೊರಗಿನ ಹೊಲದಲ್ಲಿ ಬೇವಿನ ಎಲೆ ಕೂಡ ಅಲ್ಲಾಡುತ್ತಿರಲಿಲ್ಲ. 80 ಮೀಟರ್ ಏರಿಸಿದೆ, ಹೋಗುವಾಗ ಸಲೀಸಾಗಿ ಹೋಯಿತು. ವಾಪಸ್ ಕರೆದರೆ ನಿಂತಲ್ಲೇ ನಿಂತಿದೆ, ಬ್ಯಾಟರಿ ಮಾತ್ರ ಸರಸರ ಇಳಿಯುತ್ತಿದೆ! ಗಾಬರಿಯಲ್ಲೇ 20 ಮೀಟರಿಗೆ ಇಳಿಸಿದೆ, ಅಲ್ಲಿ ಗಾಳಿ ಕಡಿಮೆ ಇತ್ತು, ಹೇಗೋ ಬಂತು. ಬ್ಯಾಟರಿ 9 ಪರ್ಸೆಂಟ್, ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಆಮೇಲೆ ಡ್ರೋನ್ ಜೊತೆ ಬಂದ ಪುಸ್ತಕ ತೆಗೆದು ನೋಡಿದರೆ 40 ಡಿಗ್ರಿ ದಾಟಿದರೆ ಹಾರಿಸಬೇಡಿ ಅಂತಿದೆ. ನಮ್ಮ ಊರಲ್ಲಿ ಮೇ ತಿಂಗಳಲ್ಲಿ 40 ಅಂದ್ರೆ ತಂಪು, ಅಲ್ವಾ?

ಈಗ ಹಿಂದಿನ ರಾತ್ರಿಯೇ ಗಾಳಿ-ಮಳೆ ಮುನ್ಸೂಚನೆ ಕೊಡುವ ವಿಂಡಿ ಆ್ಯಪಿನಲ್ಲಿ ಎತ್ತರ 100 ಮೀಟರಿಗೆ ಇಟ್ಟು ನೋಡುತ್ತೇನೆ. ನೆಲದ ಗಾಳಿ ನೋಡಿ ಪ್ರಯೋಜನ ಇಲ್ಲ. ಬೀಸಿ ಬೀಸಿ ಬರುವ ಗಾಳಿ ಸೆಕೆಂಡಿಗೆ 8 ಮೀಟರ್ ದಾಟಿದರೆ ಆ ದಿನ ಡ್ರೋನ್ ಇಲ್ಲ. ಬೇಸಿಗೆಯಲ್ಲಿ ಬೆಳಿಗ್ಗೆ ಒಂಬತ್ತರೊಳಗೆ ಶೂಟ್ ಮುಗಿಸುತ್ತೇನೆ, ಸಂಜೆ ಗುಡುಗಿನ ಮಳೆ ಯಾವಾಗ ಬರುತ್ತೋ ಗೊತ್ತಾಗಲ್ಲ.

ಆಮೇಲೆ ಡಿಜಿಟಲ್ ಸ್ಕೈ ಮ್ಯಾಪ್, ಅಂದ್ರೆ ಡ್ರೋನ್ ಎಲ್ಲಿ ಹಾರಿಸಬಹುದು ಅಂತ ಬಣ್ಣದಲ್ಲಿ ತೋರಿಸುವ ಸರ್ಕಾರದ ನಕ್ಷೆ. 2019ರಲ್ಲಿ ಸೇಡಂ ರಸ್ತೆ ಕಡೆ ವಿಮಾನ ನಿಲ್ದಾಣ ಶುರುವಾಗಿದೆಯಲ್ಲ, ಅದರ ಲೆಕ್ಕ ಇಟ್ಟುಕೊಳ್ಳಬೇಕು. 2021ರ ಡ್ರೋನ್ ನಿಯಮದ ಪ್ರಕಾರ ಹಸಿರು ಜಾಗದಲ್ಲಿ (ಅನುಮತಿ ಬೇಡದ ಕಡೆ) 400 ಅಡಿವರೆಗೆ ಹಾರಿಸಬಹುದು, ನಿಲ್ದಾಣದಿಂದ 8 ರಿಂದ 12 ಕಿಲೋಮೀಟರ್ ನಡುವೆ ಇದ್ದರೆ 200 ಅಡಿ ಮಾತ್ರ. ದೂರ ಅಳೆಯುವುದು ನಿಲ್ದಾಣದ ಗಡಿಯಿಂದ, ಅದರ ಗೇಟಿನಿಂದ ಅಲ್ಲ. ಹೀಗಾಗಿ ಒಂದೇ ಊರಿನ ಎರಡು ಕಲ್ಯಾಣ ಮಂಟಪಕ್ಕೆ ಎರಡು ಲೆಕ್ಕ. ಶೂಟ್ ದಿನ ಬೆಳಿಗ್ಗೆ ಮತ್ತೊಮ್ಮೆ ಮ್ಯಾಪ್ ತೆರೆಯುತ್ತೇನೆ, ಯಾಕಂದ್ರೆ ದೊಡ್ಡವರು ಬಂದಾಗ 96 ಗಂಟೆವರೆಗೆ ತಾತ್ಕಾಲಿಕ ಕೆಂಪು ವಲಯ (ಅನುಮತಿ ಇಲ್ಲದೆ ಹಾರಿಸಬಾರದ ಜಾಗ) ಮಾಡುವ ಅಧಿಕಾರ ಸರ್ಕಾರಕ್ಕೆ ಇದೆ.

ಬೀದರಿನ ಮದುವೆ ಒಂದು ಬಂದಿತ್ತು. ಅಲ್ಲಿ ವಾಯುಪಡೆಯ ನೆಲೆ, ವಿಮಾನದಲ್ಲಿ ಕಸರತ್ತು ತೋರಿಸುವ ಸೂರ್ಯಕಿರಣ ತಂಡ ಇರುವ ಜಾಗ. ಮ್ಯಾಪ್ ನೋಡಿದರೆ ಮಂಟಪ ಕೆಂಪಿನಲ್ಲಿದೆ. ಆಗಲ್ಲ ಅಂದೆ. ಹುಡುಗನ ಕಾಕಾ ಬಿಡಲಿಲ್ಲ, "ಏ ಎಲ್ಲಾರೂ ಹಾರಸ್ತಾರ್ರೀ, ಏನೂ ಆಗಂಗಿಲ್ಲ ತಗೋರಿ" ಅಂದರು. ತಲೆ ಮೇಲೆ ತರಬೇತಿ ವಿಮಾನ ಹಾರುವ ಊರಲ್ಲಿ ಆ ಧೈರ್ಯ ನನಗಿಲ್ಲ. ಎದುರು ಮನೆಯವರನ್ನು ಕೇಳಿ, ಅವರ ಮಾಳಿಗೆ ಹತ್ತಿ, ಉದ್ದನೆ ಕೋಲಿಗೆ ಕ್ಯಾಮೆರಾ ಕಟ್ಟಿ ಮೆರವಣಿಗೆ ಹಿಡಿದೆ. ಚೆನ್ನಾಗೇ ಬಂತು. ಕಾಕಾ ಮಾತ್ರ ಬಿಲ್ಲಿನಲ್ಲಿ ಡ್ರೋನಿನ ದುಡ್ಡು ಕರೆಕ್ಟಾಗಿ ಮುರಿದುಕೊಂಡರು.