ನಂಬುವ ಗೆಳೆಯರಿಗೆ ನನ್ನ ಸಂದೇಹವನ್ನು ಹೇಳಿದ ಬಗೆ

ನಾನು ಬಳ್ಳಾರಿಯಲ್ಲಿ ಇಪ್ಪತ್ತೇಳು ವರ್ಷಗಳಿಂದ ಪತ್ರ ಬರಹಗಾರನಾಗಿದ್ದೇನೆ. ಕ್ರಯಪತ್ರ, ವಿಭಾಗಪತ್ರ, ಹಕ್ಕು ಖುಲಾಸೆ ಪತ್ರಗಳ ಒಕ್ಕಣೆ ಬರೆಯುವುದು ಮತ್ತು ಹಳೆಯ ದಾಖಲೆಯನ್ನು ಹೊಸದರೊಡನೆ ತಾಳೆ ನೋಡುವುದು ನನ್ನ ದಿನನಿತ್ಯದ ಕೆಲಸ. ದೇವರಿದ್ದಾನೆ ಎಂದು ಒಪ್ಪಲು ನನ್ನಿಂದ ಈವರೆಗೆ ಆಗಿಲ್ಲ. ಆದರೆ ನನಗೆ ಅತ್ಯಂತ ಹತ್ತಿರದ ಗೆಳೆಯ, ಆರನೆಯ ತರಗತಿಯಿಂದ ಒಂದೇ ಬೆಂಚಿನಲ್ಲಿ ನನ್ನ ಪಕ್ಕ ಕುಳಿತವನು, ಲಂಡನ್ ಮಿಷನ್ ಎಂಬ ಕ್ರೈಸ್ತ ಪ್ರಚಾರಕ ಸಂಸ್ಥೆಯ ಕಾಲದಿಂದಲೂ ಕ್ರೈಸ್ತರಾಗಿರುವ ಮನೆತನದವನು. ಅವನ ಪತ್ನಿಯನ್ನು ನಾನು ಅಕ್ಕ ಎನ್ನುತ್ತೇನೆ, ಅವರು ನನ್ನನ್ನು ಅಣ್ಣ ಎನ್ನುತ್ತಾರೆ. ಕೌಲ್ ಬಜಾರಿನ ಅವರ ಮನೆಯ ಕಟ್ಟೆಯ ಮೇಲೆ ಭಾನುವಾರ ಸಂಜೆ ಕೂರುವುದು ಮೂವತ್ತು ವರ್ಷಗಳ ರೂಢಿ. ಇಷ್ಟು ಹತ್ತಿರದವರಿಗೆ ನನ್ನ ಅಪನಂಬಿಕೆಯನ್ನು ವಿವರಿಸಲು ನಾನು ಎರಡು ಸಲ ಪ್ರಯತ್ನಿಸಿದೆ. ಮೊದಲನೆಯದು ಕೆಟ್ಟಿತು, ಎರಡನೆಯದು ಇನ್ನೂ ನಡೆಯುತ್ತಿದೆ.

ಹನ್ನೊಂದು ವರ್ಷಗಳ ಹಿಂದೆ, ಈಸ್ಟರ್ ಕಳೆದ ವಾರ, ಗೆಳೆಯ ನೇರವಾಗಿ ಕೇಳಿದ: "ನೀನು ಯಾಕೋ ನಂಬೋದಿಲ್ಲ?" ಉತ್ತರಕ್ಕೆ ಒಂದು ವಾರ ಸಮಯ ಕೇಳಿ, ಎರಡು ಹಾಳೆಗಳ ತುಂಬ ಬರೆದುಕೊಂಡು ಹೋದೆ. ಬೈಬಲಿನಲ್ಲಿ ಯೇಸುವಿನ ಜೀವನವನ್ನು ಹೇಳುವ ನಾಲ್ಕು ಭಾಗಗಳಿಗೆ ಸುವಾರ್ತೆಗಳೆಂದು ಹೆಸರು, ಮತ್ತಾಯ, ಮಾರ್ಕ, ಲೂಕ, ಯೋಹಾನ ಎಂಬವು ಅವು. ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಇಸ್ಕರಿಯೋತ ಯೂದನು ನೇಣು ಹಾಕಿಕೊಂಡನೆಂದು ಮತ್ತಾಯನು ಹೇಳುತ್ತಾನೆ, ಕೆಳಗೆ ಬಿದ್ದು ಹೊಟ್ಟೆಯೊಡೆದು ಸತ್ತನೆಂದು ಅಪೊಸ್ತಲರ ಕೃತ್ಯಗಳೆಂಬ ಇನ್ನೊಂದು ಭಾಗದಲ್ಲಿದೆ. ಯೇಸುವಿನ ಜನನವು ಅರಸ ಹೆರೋದನ ಕಾಲದಲ್ಲಾಯಿತೆಂದು ಮತ್ತಾಯನು ಹೇಳಿದರೆ, ಲೂಕನು ಅದನ್ನು ರೋಮನ್ ಅಧಿಪತಿ ಕುರೇನ್ಯನ ಕಾಲದ ಜನಗಣತಿಗೆ ಸೇರಿಸುತ್ತಾನೆ. ಇತಿಹಾಸಕಾರರ ಸಾಮಾನ್ಯ ಲೆಕ್ಕದಲ್ಲಿ ಹೆರೋದನು ಸತ್ತದ್ದು ಕ್ರಿ.ಪೂ. 4ರಲ್ಲಿ, ಆ ಗಣತಿ ನಡೆದದ್ದು ಕ್ರಿ.ಶ. 6ರಲ್ಲಿ. ಇಂಥ ಹದಿನಾರು ಅಂಶಗಳನ್ನು ಕ್ರಮಸಂಖ್ಯೆ ಹಾಕಿ ಗಟ್ಟಿಯಾಗಿ ಓದಿದೆ. ಒಂಬತ್ತನೆಯದಕ್ಕೆ ಬರುವಷ್ಟರಲ್ಲಿ ಅಕ್ಕ ಚಹಾದ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದವರು ತಿರುಗಿ ಬರಲಿಲ್ಲ. ಗೆಳೆಯ ಮುಗಿಯುವವರೆಗೂ ಕೇಳಿ, "ನನ್ನ ಮೇಲೆ ಕೇಸು ಹಾಕಿದಂಗೈತಲ್ಲೋ" ಎಂದ. ಆ ನಂತರ ಎರಡು ತಿಂಗಳು ಕಟ್ಟೆಯ ಮೇಲೆ ಮಳೆ, ಕಾಲುವೆ ನೀರು, ಮಕ್ಕಳ ಫೀಸು ಇವುಗಳ ಮಾತಷ್ಟೇ ನಡೆಯಿತು.

ತಪ್ಪು ಎಲ್ಲಿಯಾಯಿತೆಂದು ತಿಳಿಯಲು ನನಗೆ ಬಹಳ ದಿನ ಬೇಕಾಯಿತು. ನೀನು ಯಾಕೆ ನಂಬುವುದಿಲ್ಲ ಎಂದು ಅವನು ಕೇಳಿದ್ದ, ನೀನು ನಂಬುವುದು ಯಾಕೆ ತಪ್ಪು ಎಂದು ನಾನು ಹೇಳಿದ್ದೆ. ಕೇಳಿದ್ದು ನನ್ನ ಒಳಗಿನ ವಿಷಯ, ಕೊಟ್ಟದ್ದು ಅವನ ಮನೆಯ ಮೇಲಿನ ತಕರಾರು. ಅದಕ್ಕಿಂತ ಹೆಚ್ಚಾಗಿ, ಆ ಹದಿನಾರು ಅಂಶಗಳಲ್ಲಿ ಹೆಚ್ಚಿನವು ನನ್ನನ್ನು ನಿಜವಾಗಿ ಕಾಡಿದವೇ ಆಗಿರಲಿಲ್ಲ, ಅಲ್ಲಿ ಇಲ್ಲಿ ಓದಿ ಸಂಗ್ರಹಿಸಿದವು. ಯೂದನು ಹೇಗೆ ಸತ್ತನೆಂಬ ಪ್ರಶ್ನೆಗಾಗಿ ನಾನು ಒಂದು ರಾತ್ರಿಯ ನಿದ್ದೆಯನ್ನೂ ಕಳೆದುಕೊಂಡವನಲ್ಲ. ನನಗೆ ನಿಜವಾಗಿ ತಾಗಿದ್ದನ್ನು ಮಾತ್ರ, ಒಂದು ಸಂಜೆಗೆ ಒಂದರಂತೆ, ಪುಸ್ತಕವನ್ನು ಅವನ ಕೈಯಲ್ಲೇ ಇಟ್ಟು ಮಾತನಾಡಬೇಕೆಂದು ಆಗ ನಿರ್ಧರಿಸಿದೆ.

ಮೊದಲು ಎತ್ತಿಕೊಂಡದ್ದು ಯೇಸುವಿನ ವಂಶವೃಕ್ಷ, ಏಕೆಂದರೆ ಅದು ನನ್ನ ಕಸುಬಿನ ಮಾತು. ಗೆಳೆಯನ ತಂದೆ ಓದುತ್ತಿದ್ದ ಹಳೆಯ ಕನ್ನಡ ಸತ್ಯವೇದವನ್ನು, ಎಂದರೆ ಬೈಬಲನ್ನು, ನಡುವೆ ಇಟ್ಟುಕೊಂಡು ಕುಳಿತೆವು. ಅದರ ಬೆನ್ನಿಗೆ ಖಾದಿ ಬಟ್ಟೆ ಅಂಟಿಸಲಾಗಿದೆ, ಕೀರ್ತನೆಗಳ ಭಾಗದಲ್ಲಿ ಹಾಳೆಗಳ ಅಂಚು ಬೆರಳಿನ ಎಣ್ಣೆಗೆ ಕಂದಾಗಿದೆ. 1810ರಲ್ಲಿ ಈ ಊರಿಗೆ ಬಂದ ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ ಇಲ್ಲಿಯೇ ಇದ್ದು, ಸಹೋದ್ಯೋಗಿಗಳ ಜೊತೆ ಸೇರಿ, ಸತ್ಯವೇದವನ್ನು ಕನ್ನಡಕ್ಕೆ ತಂದವರು. ನಮ್ಮ ಊರಿನ ಬಿಸಿಲಿನಲ್ಲಿ ಕುಳಿತು ಅವರು ಅಷ್ಟು ದೊಡ್ಡ ಗ್ರಂಥವನ್ನು ಪದಪದವಾಗಿ ಕನ್ನಡಿಸಿದ್ದನ್ನು ನೆನೆದಾಗ, ನಂಬದ ನನಗೂ ಆ ಪುಸ್ತಕವನ್ನು ಒರಟಾಗಿ ಮುಟ್ಟಲು ಮನಸ್ಸು ಬರುವುದಿಲ್ಲ.

ಮತ್ತಾಯನ 1ನೆಯ ಅಧ್ಯಾಯದಲ್ಲಿ ಯೇಸುವಿನ ತಾಯಿ ಮರಿಯಳ ಗಂಡ ಯೋಸೇಫನ ತಂದೆ ಯಾಕೋಬ, ಲೂಕನ 3ನೆಯ ಅಧ್ಯಾಯದಲ್ಲಿ ಹೇಲಿ. ದಾವೀದನಿಂದ ಕೆಳಗೆ ಮತ್ತಾಯನು ಸೊಲೊಮೋನನ ಶಾಖೆಯಲ್ಲಿ ಇಳಿಯುತ್ತಾನೆ, ಲೂಕನು ನಾತಾನನ ಶಾಖೆಯಲ್ಲಿ. ಮತ್ತಾಯನು ಯೋರಾಮನಿಂದ ಒಮ್ಮೆಗೇ ಉಜ್ಜೀಯನಿಗೆ ಬರುತ್ತಾನೆ, ಆದರೆ ಹಳೆಯ ಒಡಂಬಡಿಕೆಯ ಪೂರ್ವಕಾಲವೃತ್ತಾಂತ ಎಂಬ ಗ್ರಂಥದ ಪಟ್ಟಿಯಲ್ಲಿ ಆ ನಡುವೆ ಅಹಜ್ಯ, ಯೋವಾಷ, ಅಮಚ್ಯ ಎಂಬ ಮೂರು ತಲೆಮಾರುಗಳಿವೆ. ನಾನು ಗೆಳೆಯನಿಗೆ ಹೇಳಿದ್ದು ಇಷ್ಟೇ: "ವಿಭಾಗಪತ್ರಕ್ಕೆ ಲಗತ್ತಿಸಿದ ವಂಶವೃಕ್ಷದಲ್ಲಿ ಮೂರು ತಲೆಮಾರು ಬಿಟ್ಟಿದ್ದರೆ ನಾನು ಮುಂದೆ ಬರೆಯೋದಿಲ್ಲ, ಕಕ್ಷಿದಾರನನ್ನ ಕೂರಿಸಿ ಕೇಳ್ತೀನಿ. ಇಲ್ಲಿ ಯಾರನ್ನ ಕೇಳಲಿ?"

ಈ ಸಲ ಅವನು ಸುಮ್ಮನಾಗಲಿಲ್ಲ. ಯೆಹೂದ್ಯರಲ್ಲಿ ಮೈದುನಧರ್ಮವಿತ್ತು, ಅಣ್ಣ ಮಕ್ಕಳಿಲ್ಲದೆ ಸತ್ತರೆ ತಮ್ಮನು ಅತ್ತಿಗೆಯನ್ನು ಮದುವೆಯಾಗಿ ಹುಟ್ಟಿದ ಮಗನನ್ನು ಅಣ್ಣನ ಹೆಸರಿಗೆ ಸೇರಿಸುತ್ತಿದ್ದನು, ಹಾಗಾಗಿ ಒಬ್ಬನಿಗೆ ಹುಟ್ಟಿನ ತಂದೆ ಬೇರೆ, ಹೆಸರಿನ ತಂದೆ ಬೇರೆ ಇರಬಹುದು ಎಂದ. ಮೂರನೆಯ ಶತಮಾನದ ಜೂಲಿಯಸ್ ಆಫ್ರಿಕಾನಸ್ ಕೊಟ್ಟ ವಿವರಣೆಯೂ ಇದೇ ಎಂದು ನಾನು ಆಮೇಲೆ ಓದಿದೆ. ನನಗೆ ಆ ಕ್ಷಣದಲ್ಲಿ ನೆನಪಾದದ್ದು ಸಂಡೂರು ಕಡೆಯ ಒಂದು ಕುಟುಂಬದ ಕಡತ. ದತ್ತು ಹೋದ ಮಗನೊಬ್ಬನಿಗೆ ಒಂದು ದಾಖಲೆಯಲ್ಲಿ ಒಬ್ಬ ತಂದೆ, ಇನ್ನೊಂದರಲ್ಲಿ ಮತ್ತೊಬ್ಬ ತಂದೆ, ಎರಡೂ ಸಾಚಾ ದಾಖಲೆಗಳೇ. ಅದನ್ನು ಅವನಿಗೆ ಬಾಯಿಬಿಟ್ಟು ಹೇಳಿದೆ. ಈ ಒಂದು ಅಂಶದಲ್ಲಿ ನನ್ನ ತಕರಾರು ನಾನು ತಿಳಿದಷ್ಟು ಗಟ್ಟಿಯಲ್ಲ, ಆದರೆ ದತ್ತು ಆಗಿದ್ದಕ್ಕೆ ದತ್ತಕಪತ್ರ ತೋರಿಸುವಂತೆ ಇಲ್ಲಿ ಮೈದುನಧರ್ಮ ನಡೆಯಿತೆಂದು ಎರಡು ಸುವಾರ್ತೆಗಳಲ್ಲಿ ಯಾವುದೂ ಹೇಳುವುದಿಲ್ಲ ಎಂದೂ ಸೇರಿಸಿದೆ. ನಾನು ಒಪ್ಪಿದ್ದನ್ನು ಒಪ್ಪಿದೆನೆಂದು ಹೇಳಿದ ಆ ಸಂಜೆಯಿಂದಲೇ ನಮ್ಮ ಮಾತು ಸಲೀಸಾಯಿತು.

ಮುಂದಿನ ವಾರಗಳಲ್ಲಿ ಬಿಕ್ಕಲಂ ವಿಷಯ ಬಂತು. ನಮ್ಮ ಪತ್ರಗಳ ಕೊನೆಯಲ್ಲಿ ಬರೆದವನ ಹೆಸರು ಬಿಕ್ಕಲಂ ಎಂದು ಇರಲೇಬೇಕು. ನಾಲ್ಕು ಸುವಾರ್ತೆಗಳ ಒಕ್ಕಣೆಯೊಳಗೆ ಬರೆದವನು ತನ್ನ ಹೆಸರನ್ನು ಹೇಳಿಕೊಂಡಿಲ್ಲ, ಮತ್ತಾಯ, ಮಾರ್ಕ ಮುಂತಾದ ಹೆಸರುಗಳು ಶಿರೋನಾಮೆಯಾಗಿ ಆಮೇಲೆ ಸೇರಿದವೆಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಮಾರ್ಕನ 16ನೆಯ ಅಧ್ಯಾಯದ 9ರಿಂದ 20ರವರೆಗಿನ ವಚನಗಳು ನಾಲ್ಕನೆಯ ಶತಮಾನದ ಸೈನಾಯಿಟಿಕಸ್, ವ್ಯಾಟಿಕಾನಸ್ ಹಸ್ತಪ್ರತಿಗಳಲ್ಲಿ ಇಲ್ಲ. ಅಲ್ಲಿ ಸುವಾರ್ತೆಯು, ಹೆಂಗಸರು ಸಮಾಧಿಯಿಂದ ಹೆದರಿ ಓಡಿಹೋಗಿ ಯಾರಿಗೂ ಏನೂ ಹೇಳಲಿಲ್ಲ ಎಂಬಲ್ಲಿಗೆ ನಿಲ್ಲುತ್ತದೆ. ಪುನರುತ್ಥಾನಗೊಂಡ ಯೇಸು ಕಾಣಿಸಿಕೊಂಡ ಭಾಗವೇ ಆ ಹನ್ನೆರಡು ವಚನಗಳಲ್ಲಿದೆ. ಸಹಿಯ ಕೆಳಗೆ ಬೇರೆ ಶಾಯಿಯಲ್ಲಿ ಸೇರಿಸಿದ ಸಾಲನ್ನು ಕಂಡಾಗ ಪತ್ರ ಬರಹಗಾರನಿಗೆ ಏನನಿಸುತ್ತದೋ ನನಗೂ ಅದೇ ಅನಿಸಿತು. ಗೆಳೆಯನಿಗೆ ಇದು ಗೊತ್ತೇ ಇತ್ತು. ಉಳಿದ ಮೂರು ಸುವಾರ್ತೆಗಳಲ್ಲಿಯೂ ಅಪೊಸ್ತಲ ಪೌಲನ ಪತ್ರಗಳಲ್ಲಿಯೂ ಅದೇ ಸಂಗತಿ ಇರುವಾಗ ಒಂದು ಪುಟ ಹರಿದರೆ ಪುಸ್ತಕ ಹೋಗುವುದಿಲ್ಲ ಎಂದು ಅವನು ಶಾಂತವಾಗಿ ಹೇಳಿದ.

ಸಾಕ್ಷಿ ಎಂಬ ಪದದ ಬಗ್ಗೆ ಮಾತ್ರ ನಾವು ತಿಂಗಳುಗಟ್ಟಲೆ ತಿಕ್ಕಾಡಿದೆವು. ಗೆಳೆಯನ ಒಡಹುಟ್ಟಿದ ಅಕ್ಕನ ಮಗ ಜೀನ್ಸ್ ಹೊಲಿಯುವ ಘಟಕದಲ್ಲಿ ಕೆಲಸ ಮಾಡುವವನು, ಐದಾರು ವರ್ಷ ಕುಡಿತಕ್ಕೆ ಬಿದ್ದು, ಪ್ರಾರ್ಥನಾ ಕೂಟಕ್ಕೆ ಹೋಗಲಾರಂಭಿಸಿದ ಮೇಲೆ ಬಿಟ್ಟವನು. ಅವನು ಕೂಟದಲ್ಲಿ ನಿಂತು ಸಾಕ್ಷಿ ಹೇಳುವುದನ್ನು ನಾನೂ ಹೋಗಿ ಕೇಳಿದ್ದೇನೆ, ಅವನ ಮಾತಿನಲ್ಲಿ ಒಂದಕ್ಷರವನ್ನೂ ನಾನು ಅನುಮಾನಿಸುವುದಿಲ್ಲ. ಪತ್ರಕ್ಕೆ ಸಾಕ್ಷಿ ಹಾಕುವವನು ಬರೆದುಕೊಟ್ಟವನು ತನ್ನ ಕಣ್ಣೆದುರಿಗೆ ಸಹಿ ಮಾಡಿದನೆಂಬುದಕ್ಕೆ ಸಾಕ್ಷಿ, ಜಮೀನಿನ ಹಕ್ಕು ಚೊಕ್ಕವಾಗಿದೆ ಎಂಬುದಕ್ಕಲ್ಲ. ಹಾಗೆಯೇ ಈ ಹುಡುಗ ತನ್ನ ಬದುಕು ಬದಲಾದದ್ದಕ್ಕೆ ಸಾಕ್ಷಿ, ಎರಡು ಸಾವಿರ ವರ್ಷಗಳ ಹಿಂದೆ ಸಮಾಧಿ ಬರಿದಾಗಿತ್ತೆಂಬುದಕ್ಕೆ ಅವನು ಸಾಕ್ಷಿಯಾಗಲಾರ. ಇದನ್ನು ಆ ಹುಡುಗನ ಎದುರಿಗೆ ನಾನು ಎಂದೂ ಹೇಳಿಲ್ಲ. ಕುಡಿತ ಬಿಟ್ಟು ಹಿಡಿದುಕೊಂಡ ಕಂಬವನ್ನು ಅಲುಗಾಡಿಸಿ ನೋಡುವ ಹಕ್ಕು ನನಗಿಲ್ಲ. ಗೆಳೆಯನ ಮಕ್ಕಳ ಮುಂದೆಯೂ ನಾನು ಈ ಮಾತು ತೆಗೆಯುವುದಿಲ್ಲ, ದೊಡ್ಡವರಾಗಿ ತಾವಾಗಿ ಕೇಳಿದರೆ ತಂದೆಯ ಎದುರಿಗೇ ಹೇಳುತ್ತೇನೆಂದು ಅವನಿಗೆ ಮಾತು ಕೊಟ್ಟಿದ್ದೇನೆ.

ಇವೆಲ್ಲ ದಾಖಲೆಯ ಸಂದೇಹಗಳು. ಇವುಗಳ ಕೆಳಗೆ ಇನ್ನೊಂದಿತ್ತು, ಅದನ್ನು ಹೇಳಲು ನನಗೆ ನಾಲ್ಕು ವರ್ಷ ಬೇಕಾಯಿತು. ನನ್ನ ತಂಗಿಯ ಒಂಬತ್ತು ವರ್ಷದ ಮಗ ಡೆಂಗಿ ಜ್ವರದಲ್ಲಿ ತೀರಿಕೊಂಡ. ಆ ಐದು ರಾತ್ರಿ ಗೆಳೆಯನೂ ಅಕ್ಕನೂ ಉಪವಾಸವಿದ್ದು ಆಸ್ಪತ್ರೆಯ ವರಾಂಡದ ನೆಲದ ಮೇಲೆ ಮೊಣಕಾಲೂರಿದ್ದರು. ಅಕ್ಕನ ಸೆರಗಿನ ತುದಿಯಲ್ಲಿ ಪ್ಲೇಟ್‌ಲೆಟ್ ಎಣಿಕೆ ಬರೆದ ಚೀಟಿ ಗಂಟು ಹಾಕಿತ್ತು, ದಿನವೂ ಸಂಖ್ಯೆ ಕೇಳಿ ಅದರಲ್ಲಿ ಬರೆಯುತ್ತಿದ್ದರು. ಮಗು ಹೋದ ಮೇಲೆ, ಬೇರೆ ಊರಿನಿಂದ ಬಂದಿದ್ದ ಬೋಧಕರೊಬ್ಬರು ಮನೆಯವರಲ್ಲಿ ನಂಬಿಕೆ ಸಾಲದೆ ಹೀಗಾಯಿತೆಂದು ನನ್ನ ತಂಗಿಗೆ ಕೇಳಿಸುವಂತೆ ಹೇಳಿದರು. ಗೆಳೆಯ ಅವರನ್ನು ಅಲ್ಲಿಂದ ಎಬ್ಬಿಸಿ ಕಳಿಸಿದ. ಆದರೆ ಆ ಮಾತು ನನ್ನೊಳಗೆ ಮುಳ್ಳಿನಂತೆ ಉಳಿಯಿತು.

ಕೊನೆಗೊಂದು ಸಂಜೆ ಅಕ್ಕನಿಗೇ ಹೇಳಿದೆ. ಬೇಡಿಕೊಂಡರೆ ದೊರೆಯುತ್ತದೆ ಎಂದು ಮತ್ತಾಯನ 7ನೆಯ ಅಧ್ಯಾಯದಲ್ಲಿದೆ. ಮಗು ಉಳಿದಿದ್ದರೆ ಎಲ್ಲರೂ ಪ್ರಾರ್ಥನೆಗೆ ಉತ್ತರ ಬಂತು ಎನ್ನುತ್ತಿದ್ದರು, ಉಳಿಯಲಿಲ್ಲವಾದ್ದರಿಂದ ದೇವರ ಚಿತ್ತ ಎನ್ನುತ್ತಾರೆ. ಯಾವ ಪುರಾವೆ ಬಂದರೂ ತೀರ್ಪು ಒಂದೇ ಆಗುವುದಾದರೆ ಪುರಾವೆಗೆ ಅಲ್ಲಿ ಕೆಲಸವೇ ಇಲ್ಲ, ಹಾಗಿರುವಾಗ ನಾನು ಏನನ್ನು ನೋಡಿ ನಂಬಲಿ ಎಂದು ಕೇಳಿದೆ. ನನ್ನ ದನಿ ನಡುಗುತ್ತಿತ್ತು. ಅಕ್ಕ ಬಹಳ ಹೊತ್ತು ಬಿಟ್ಟು, "ಶಿಲುಬೆಗೆ ಹೋಗೋ ಮುಂಚಿನ ರಾತ್ರಿ ಗೆತ್ಸೇಮನೆ ತೋಟದಾಗ ಯೇಸು ಕರ್ತನೇ ಬೇಡಿಕೊಂಡ, ಈ ಪಾತ್ರೆ ನನ್ನಿಂದ ಹೋಗಲಿ ಅಂತ. ಅವನಿಗೂ ಸಿಗಲಿಲ್ಲಣ್ಣ. ನಾವು ಆ ರಾತ್ರಿ ಮೊಣಕಾಲೂರಿದ್ದು ಪುರಾವೆಗಲ್ಲ, ಮಗೂನ ಒಂಟಿ ಬಿಡಬಾರದಂತ" ಎಂದರು. ಅದು ನನ್ನ ಪ್ರಶ್ನೆಗೆ ಉತ್ತರವಾಯಿತೆಂದು ನಾನು ಹೇಳಲಾರೆ, ಅವರಿಗೂ ಹಾಗೆಯೇ ಹೇಳಿದೆ. ಆದರೆ ಆ ಸಂಜೆ ಮೊದಲ ಸಲ ಅವರಿಗೆ ನನ್ನ ಅಪನಂಬಿಕೆ ಎಲ್ಲಿಂದ ಬರುತ್ತದೆಂದು ಕಾಣಿಸಿತು, ನನಗೆ ಅವರ ನಂಬಿಕೆ ಏನು ಮಾಡುತ್ತದೆಂದು ಕಾಣಿಸಿತು. ಈ ಮಾತನ್ನು ಮೊದಲೇ ಆಡಿದ್ದರೆ ಆ ಹದಿನಾರು ಅಂಶಗಳ ಹಾಳೆ ಬೇಕಾಗುತ್ತಿರಲಿಲ್ಲ.

ನಮ್ಮವ್ವನ ವಿಷಯವೂ ಆ ಕಟ್ಟೆಯ ಮೇಲೆಯೇ ಬಂತು. ಐವತ್ತು ವರ್ಷ ಪ್ರತಿ ಮಂಗಳವಾರ ಕನಕದುರ್ಗಮ್ಮನ ಗುಡಿಗೆ ಹೋಗಿ ಬಂದವಳು, ಬರುವ ದಾರಿಯಲ್ಲಿ ಚರ್ಚಿನ ಮುಂದೆಯೂ ಕೈಮುಗಿದವಳು. ಯೇಸುವಿನ ಮೂಲಕವೇ ಹೊರತು ಯಾರೂ ತಂದೆಯ ಬಳಿಗೆ ಬರಲಾರರು ಎಂಬುದು ಯೋಹಾನನ 14ನೆಯ ಅಧ್ಯಾಯದ ಮಾತಾದರೆ, ಅವಳು ಎಲ್ಲಿದ್ದಾಳೆ? ಗೆಳೆಯ, ಪೌಲನು ರೋಮಾಪುರದವರಿಗೆ ಬರೆದ ಪತ್ರದ 2ನೆಯ ಅಧ್ಯಾಯವನ್ನು ತೆಗೆದು, ಧರ್ಮಶಾಸ್ತ್ರವಿಲ್ಲದವರ ಹೃದಯದಲ್ಲಿ ಅದು ಬರೆದಿರುತ್ತದೆ ಎಂಬ ಭಾಗವನ್ನು ತೋರಿಸಿದ. ನಮ್ಮೊಡನೆ ಆಗಾಗ ಕೂರುವ ಕಥೋಲಿಕ ಶಿಕ್ಷಕರೊಬ್ಬರು, ತಮ್ಮ ತಪ್ಪಿಲ್ಲದೆ ಸುವಾರ್ತೆಯನ್ನು ಅರಿಯದೆ ಉಳಿದು ಮನಸ್ಸಾಕ್ಷಿಯಂತೆ ದೇವರನ್ನು ಅರಸಿದವರಿಗೂ ರಕ್ಷಣೆ ಸಾಧ್ಯವೆಂದು 1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಹೇಳಿತೆಂದು ತಿಳಿಸಿದರು. ಜೀನ್ಸ್ ಘಟಕದ ಹುಡುಗ ತಲೆ ತಗ್ಗಿಸಿ ಸುಮ್ಮನಿದ್ದ, ಅವನ ಸಭೆಯ ಉತ್ತರ ಬೇರೆಯೆಂದು ಎಲ್ಲರಿಗೂ ಗೊತ್ತಿತ್ತು. ಒಂದೇ ಪುಸ್ತಕವನ್ನು ಓದುವ ಮೂವರು ನಮ್ಮವ್ವನನ್ನು ಮೂರು ಕಡೆ ಇರಿಸುವುದು ನನ್ನ ಸಂದೇಹವನ್ನು ಹೆಚ್ಚಿಸಿತೇ ಹೊರತು ಕಡಿಮೆ ಮಾಡಲಿಲ್ಲ.

ಆಗ ಗೆಳೆಯ ನನ್ನನ್ನು ಕೇಳಿದ: "ದುರ್ಗಮ್ಮನನ್ನಾದರೂ ನಂಬ್ತೀಯಾ?" ಇಲ್ಲವೆಂದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದ್ದನ್ನು ನಮ್ಮ ವಿಜ್ಞಾನದ ಮೇಷ್ಟ್ರು ತರಗತಿಯಲ್ಲಿ ಹೇಳಿದ ದಿನದಿಂದ ನಾನು ಮೊದಲು ಅಳೆದದ್ದು ನಮ್ಮ ಮನೆಯ ದೇವರನ್ನೇ, ಅವನ ದೇವರ ಸರದಿ ಆಮೇಲೆ ಬಂದದ್ದು ಎಂದು ವಿವರಿಸಿದೆ. ಇದನ್ನು ಅವನಿಗೆ ಎಷ್ಟೋ ವರ್ಷ ಮೊದಲೇ ಹೇಳಬೇಕಿತ್ತು. ನಮ್ಮ ಊರಿನಲ್ಲಿ ಕ್ರೈಸ್ತನಲ್ಲದವನು ಸುವಾರ್ತೆಯನ್ನು ಪ್ರಶ್ನಿಸಿದರೆ ಅವನು ತನ್ನ ಜಾತಿ, ತನ್ನ ಧರ್ಮದ ಪರವಾಗಿ ನಿಂತಿದ್ದಾನೆಂದೇ ಕೇಳುವವರಿಗೆ ಅನಿಸುತ್ತದೆ, ಗೆಳೆಯನಿಗೂ ಒಳಗೊಳಗೆ ಹಾಗೆ ಅನಿಸಿತ್ತಂತೆ.

ಈಗ ಕ್ರಿಸ್ಮಸ್‌ಗೆ ನಾನು ಆರಾಧನೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂರುತ್ತೇನೆ, ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಹೊತ್ತಿಗೆ ಮುಂದೆ ಹೋಗುವುದಿಲ್ಲ. ಹಬ್ಬದ ದಿನ, ಸಾವಿನ ಮನೆಯಲ್ಲಿ ಮತ್ತು ಸಭಾಪಾಲಕರ ಎದುರಿಗೆ ಸಂದೇಹದ ಮಾತು ಎತ್ತುವುದಿಲ್ಲ. ಅಕ್ಕ ತಮ್ಮ ಪ್ರಾರ್ಥನೆಯ ನೋಟ್‌ಬುಕ್ಕಿನಲ್ಲಿ ನನ್ನ ಹೆಸರು ಇನ್ನೂ ಇದೆಯೆಂದು ಹೇಳಿದಾಗ, ಇರಲಿ ಎನ್ನುತ್ತೇನೆ, ಅದು ಅವರು ನನಗೆ ಕೊಡುವ ಕಾಳಜಿಯೆಂದು ಮನಃಪೂರ್ವಕವಾಗಿ ತೆಗೆದುಕೊಳ್ಳುತ್ತೇನೆ.

ಈ ಮಳೆಗಾಲದಿಂದ ನಾವು ಯೋಬನ ಗ್ರಂಥವನ್ನು ಓದುತ್ತಿದ್ದೇವೆ. ಮಕ್ಕಳನ್ನು ಕಳೆದುಕೊಂಡವನು ದೇವರನ್ನೇ ನ್ಯಾಯಕ್ಕೆ ಕರೆಯುವ ಮಾತುಗಳು ಅದರಲ್ಲಿರುವುದರಿಂದ, ಓದೋಣವೆಂದು ಕೇಳಿದ್ದು ನಾನೇ. ಕಳೆದ ಭಾನುವಾರ 37ನೆಯ ಅಧ್ಯಾಯ ಮುಗಿಯಿತು. ಮುಂದಿನದರಲ್ಲಿ ದೇವರು ಬಿರುಗಾಳಿಯೊಳಗಿಂದ ಮಾತನಾಡುತ್ತಾನೆ, ಯೋಬನಿಗೆ ಉತ್ತರದ ಬದಲು ಪ್ರಶ್ನೆಗಳನ್ನೇ ಹಾಕುತ್ತಾನೆ. ಅಲ್ಲಿ ಯೋಬನು ಕೇಳಿದ್ದಕ್ಕೆ ಉತ್ತರವಿಲ್ಲವೆಂದು ನಾನು ಸೀಸದ ಕಡ್ಡಿಯಲ್ಲಿ ಗುರುತು ಹಾಕಿಟ್ಟಿದ್ದೇನೆ. ಉತ್ತರ ಅಲ್ಲಿಯೇ ಇದೆ, ತೋರಿಸುತ್ತೇನೆಂದು ಗೆಳೆಯ ಹೇಳಿದ್ದಾನೆ.