ವಯ ವಂದನಾ ಕಾರ್ಡು ಮತ್ತು ನನ್ನ ಮಧ್ಯಾಹ್ನದ ಕ್ಲಿನಿಕ್

ಮುಂಬೈಯ ಗೋರೆಗಾಂವ್‌ನಲ್ಲಿ ನಾನು ಫ್ಯಾಮಿಲಿ ಡಾಕ್ಟರ್. ನನ್ನ ಬಳಿ ಬರುವ ಕನ್ನಡದ ಹಿರಿಯರಲ್ಲಿ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದವರೇ ಜಾಸ್ತಿ. ಪೆನ್ಷನ್ ಇಲ್ಲ. 2024ರ ಅಕ್ಟೋಬರ್ ಕೊನೆಯಲ್ಲಿ ಕೇಂದ್ರ ಸರ್ಕಾರದ ಆರೋಗ್ಯ ಯೋಜನೆಯ ಆಯುಷ್ಮಾನ್ ವಯ ವಂದನಾ ಕಾರ್ಡ್ ಬಂದಾಗ ಇವರಿಗೆ ಎಷ್ಟು ಧೈರ್ಯ ಬಂತೆಂದು ನಾನೇ ನೋಡಿದ್ದೇನೆ. 70 ತುಂಬಿದರೆ ಸಾಕು, ಆದಾಯ ಎಷ್ಟೇ ಇರಲಿ, ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ.

ಆದರೆ ಆ ದುಡ್ಡು ಸಿಗುವುದು ಅಡ್ಮಿಟ್ ಆದಾಗ. ಬಿಪಿ ತೋರಿಸಲು, ತಿಂಗಳ ಮಾತ್ರೆ ತರಲು ಸಿಗುವುದಿಲ್ಲ. "ಇಷ್ಟಕ್ಕೆಲ್ಲ ಯಾಕೆ ಡಾಕ್ಟ್ರೇ" ಅಂತ ಮನೆಯಲ್ಲೇ ಕೂರುತ್ತಾರೆ. ಆಮೇಲೆ ರಾತ್ರೋರಾತ್ರಿ ಐಸಿಯು. ಇವರಿಗೂ ನರಳಾಟ, ಯೋಜನೆಗೂ ದೊಡ್ಡ ಬಿಲ್ಲು. ಅದಕ್ಕೇ ಹಿರಿಯರು ಡಾಕ್ಟರ ಹತ್ತಿರ ಬೇಗ ಬರುವ ಹಾಗೆ ಮಾಡಬೇಕು ಅನ್ನಿಸಿತು.

ಮೊದಲು ಸಮಯ ಬದಲಿಸಿದೆ. ಸಂಜೆ ಮಕ್ಕಳ ಕೆಮ್ಮು ಜ್ವರದ ಸಾಲಿನಲ್ಲಿ ಮೊಣಕಾಲು ನೋವಿನವರು ಎಷ್ಟು ಹೊತ್ತು ನಿಲ್ಲುತ್ತಾರೆ? ಮಧ್ಯಾಹ್ನ ಅವರಿಗಾಗಿಯೇ ಬಾಗಿಲು ತೆಗೆದೆ. ಲೋಕಲ್ ರೈಲಿನಲ್ಲೂ ಆಗ ನೂಕುನುಗ್ಗಲು ಕಡಿಮೆ.

ಬರುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ತರಲು ಹೇಳುತ್ತೇನೆ. ಒಂದೇ ಔಷಧಿ ಎರಡು ಕಂಪನಿಯ ಹೆಸರಲ್ಲಿ ಇರುತ್ತದೆ, ಎರಡನ್ನೂ ನುಂಗುತ್ತಿರುತ್ತಾರೆ. ಬೇಡದ್ದನ್ನು ತೆಗೆದು, ಉಳಿದದ್ದರ ಜೆನೆರಿಕ್ ಹೆಸರು, ಅಂದರೆ ಕಂಪನಿಯದ್ದಲ್ಲದ ಮೂಲ ಔಷಧಿಯ ಹೆಸರು ಬರೆದು, ಕಡಿಮೆ ಬೆಲೆಗೆ ಔಷಧಿ ಸಿಗುವ ಜನೌಷಧಿ ಕೇಂದ್ರಕ್ಕೆ ಕಳಿಸುತ್ತೇನೆ. ಕೈಗೆಟಕುವ ಬೆಲೆ ಇದ್ದರೆ ಮಾತ್ರೆ ತಪ್ಪಿಸುವುದಿಲ್ಲ. ಮನೆ ಹತ್ತಿರ ಪಾಲಿಕೆಯ 'ಆಪಲಾ ದವಾಖಾನಾ' ಇದ್ದವರು ಬಿಪಿ, ಶುಗರ್ ಅಲ್ಲೇ ಪುಕ್ಕಟೆ ನೋಡಿಸಲಿ. ನನ್ನ ಹತ್ತಿರವೇ ಬರಬೇಕೆಂಬ ಹಟ ನನಗಿಲ್ಲ.

ಹೃದಯ ದುರ್ಬಲವಾದವರಿಗೆ ದಿನಾ ಬೆಳಗ್ಗೆ ತೂಕ ನೋಡಲು ಹೇಳಿದ್ದೇನೆ. ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಮೈಯಲ್ಲಿ ನೀರು ನಿಂತಿರಬಹುದು. ಆ ದಿನವೇ ಫೋನ್ ಮಾಡಬೇಕು. ಒಬ್ಬ ಅಜ್ಜಿಗೆ ಹೀಗಾದಾಗ ಕೇಳಿದರೆ ಊರಿಂದ ಬಂದ ಒಣಮೀನು, ಉಪ್ಪಿನಕಾಯಿ ಖಾಲಿಯಾಗುತ್ತಾ ಬಂದಿತ್ತು! ಉಪ್ಪು ಬಿಡಿಸಿ, ನೀರಿಳಿಸುವ ಮಾತ್ರೆ ಸರಿಮಾಡಿದ ಮೇಲೆ ಉಸಿರಾಟ ಹಗುರಾಯಿತು. ಆಸ್ಪತ್ರೆ ಮೆಟ್ಟಿಲು ಹತ್ತಲಿಲ್ಲ.

ಡಿಸ್ಚಾರ್ಜ್ ಆದವರ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು. ಮತ್ತೆ ಅಡ್ಮಿಟ್ ಆಗುವ ಭಯ ಮೊದಲ ಕೆಲವು ವಾರಗಳಲ್ಲೇ ಹೆಚ್ಚು. ಯೋಜನೆಯ ಪ್ಯಾಕೇಜಿನಲ್ಲಿ ಡಿಸ್ಚಾರ್ಜ್ ನಂತರದ 15 ದಿನದ ಔಷಧಿ, ತಪಾಸಣೆಯೂ ಸೇರಿದೆ. ಇದು ಗೊತ್ತಿಲ್ಲದೆ ಸುಮ್ನೆ ಕೈಯಿಂದ ದುಡ್ಡು ಹಾಕುತ್ತಾರೆ. ಅದಕ್ಕೆ ಬಿಡುಗಡೆಯ ದಿನವೇ ಆಸ್ಪತ್ರೆಯಲ್ಲಿ ಯೋಜನೆಯ ನೆರವಿಗೆ ಇರುವ ಆರೋಗ್ಯಮಿತ್ರರನ್ನು ಕೇಳಿ ಮುಂದಿನ ಭೇಟಿಯ ತಾರೀಕು ಬರೆಸಿಕೊಳ್ಳಿ ಎಂದು ಮಕ್ಕಳಿಗೆ ಹೇಳುತ್ತೇನೆ. ಹೊರರೋಗಿ ಭೇಟಿಗೂ ಸರ್ಕಾರ ಒಂದಿಷ್ಟು ಕೊಟ್ಟರೆ ಅದರ ದುಡ್ಡೇ ಉಳಿಯುತ್ತದೆ ಅಲ್ವಾ?

ಬೇಸಿಗೆಯಲ್ಲಿ ಊರಿಗೆ ಹೊರಟವರಿಗೆ ಪ್ರಯಾಣ ಮುಗಿದು ವಾಪಸ್ ಬರುವವರೆಗೂ ಸಾಕಾಗುವಷ್ಟು ಮಾತ್ರೆ, ಕಾಯಿಲೆಗಳ ಒಂದು ಪುಟದ ಚೀಟಿ ಕೊಡುತ್ತೇನೆ. ಉಡುಪಿ, ಮಂಗಳೂರು ಕಡೆಯ ಆಸ್ಪತ್ರೆಗಳಲ್ಲಿ ಕಾರ್ಡು ನಡೆಯುತ್ತದೆ ಎಂದು ಸುಮ್ಮನೆ ನಂಬಿಕೊಂಡು ಹೋಗಬೇಡಿ. ನಡೆಯುತ್ತದೆಯೇ, ಯಾವ ಆಸ್ಪತ್ರೆಯಲ್ಲಿ ಎಂದು ಹೊರಡುವ ಮೊದಲೇ ಯೋಜನೆಯ ಸಹಾಯವಾಣಿ 14555ಕ್ಕೆ ಫೋನ್ ಮಾಡಿ ಕೇಳಿಕೊಳ್ಳಿ.